ಮಾವನ ಅರ್ಧ ಮುಖಕ್ಕೆ ಬೆಳಕು

ನಮ್ಮ ಸೋದರಮಾವ ಬೆಳೆಗಾರರ ಸಂಘದ ಅಧ್ಯಕ್ಷರಾಗಿದ್ದಾಗ ಸಂಘಕ್ಕೆ ಏನೇನು ಒಳ್ಳೆಯದಾಯಿತು ಎಂಬುದನ್ನು ಇತಿಹಾಸಕ್ಕೆ ಬಿಡುತ್ತೇನೆ. ಇತಿಹಾಸ ಅದನ್ನು ಇನ್ನೂ ಕೈಗೆತ್ತಿಕೊಂಡಿಲ್ಲ. ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ಕಂಡವರಿಲ್ಲ. ಕಾರ್ಯದರ್ಶಿ ಮಾತಾಡುವುದು, ಮಾವ ತಲೆಯಾಡಿಸುವುದು, ಕೊನೆಗೆ ಕಾಫಿ ಬರುವುದು. ಹೀಗೆ ಅವರ ಅವಧಿ ಶಾಂತವಾಗಿ ಮುಗಿಯಿತು.

ಅಶಾಂತಿ ಶುರುವಾದದ್ದು ಆಮೇಲೆ. ಅವಧಿ ಮುಗಿಸಿದವರ ಫೋಟೋ ಸಂಘದ ಸಭಾಂಗಣದ ಗೋಡೆಗೆ ಏರಬೇಕು ಎಂಬುದು ಅಲ್ಲಿಯ ಪದ್ಧತಿ. ಮಾವ ಫೋಟೋ ಕೊಟ್ಟಿರಲಿಲ್ಲ. ಕಾರ್ಯದರ್ಶಿಗಳು ಕಾದು ಕಾದು ಒಂದು ದಿನ ಫೋನು ಮಾಡಿ, ಬಹಳ ವಿನಯದಿಂದ ಬೆದರಿಕೆ ಹಾಕಿದರು.

"ವಾರ್ಷಿಕ ಸಭೆ ಒಳಗೆ ಕೊಡದಿದ್ರೆ ನಿಮ್ಮ ಆಧಾರ್ ಕಾರ್ಡಿಂದೇ ದೊಡ್ಡದು ಮಾಡ್ಸಿ ಹಾಕ್ತೀವಿ ಸರ್. ಜೆರಾಕ್ಸ್ ನಮ್ಮ ಹತ್ರ ಇದೆ."

ಆಧಾರ್ ಕಾರ್ಡಿನಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ. ಅದು ಪೌರತ್ವದ ಸಮಾನತೆ. ಆದರೆ ಮಾವನದ್ದು ಆ ಸಮಾನತೆಯನ್ನೂ ಮೀರಿದ್ದು. ಬಾವಿಗೆ ಬಿದ್ದವರನ್ನು ಆಗಷ್ಟೇ ಮೇಲೆತ್ತಿ ಕೂರಿಸಿದಂತಿತ್ತು. ಅತ್ತೆ ಅದನ್ನು ಬೀರುವಿನಲ್ಲಿ ಬೋರಲು ಹಾಕಿಯೇ ಇಡುತ್ತಿದ್ದರು.

"ಅದನ್ನೇನಾದ್ರೂ ಗೋಡೆಗೆ ಹಾಕಿದ್ರೆ, ನಾನು ಆ ಆಫೀಸಿನ ಮುಂದೆ ಬಸ್ಸಲ್ಲೂ ಹೋಗಲ್ಲ" ಎಂದರು ಅತ್ತೆ.

ಮಾವನ ಸಂಕಟ ಇನ್ನೂ ಆಳದ್ದು. ಗೋಡೆಯಲ್ಲಿ ಅವರ ಪಕ್ಕಕ್ಕೆ ಬರುವುದು ಹಿಂದಿನ ಅಧ್ಯಕ್ಷರ ಫೋಟೋ. ಆ ಮಹನೀಯರ ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ನೆರಳು. ದೃಷ್ಟಿ ದೂರ. ಹೊರದೇಶದ ಕಾಫಿ ಮಾರುಕಟ್ಟೆಯೆಲ್ಲ ಅವರ ಅಪ್ಪಣೆಗಾಗಿ ಬಾಗಿಲಲ್ಲಿ ನಿಂತಿದೆಯೇನೋ ಎಂಬ ಗಾಂಭೀರ್ಯ. ಅಂಥವರ ಪಕ್ಕದಲ್ಲಿ ಬಾವಿಗೆ ಬಿದ್ದವರು ನೇತಾಡಬೇಕು.

ಸ್ಟುಡಿಯೋಗೆ ಹೋಗಿ ಎಂದೆ. ಮಾವ ಒಪ್ಪಲಿಲ್ಲ. ಹಿಂದೊಮ್ಮೆ ಯಾವುದೋ ಸ್ಟುಡಿಯೋದವನು ಮುಖದ ಸುಕ್ಕನ್ನೆಲ್ಲ ಒರೆಸಿ ಎಂಥ ಬೆಳ್ಳಗೆ ಮಾಡಿದ್ದನೆಂದರೆ, ಮೀಸೆ ಎಲ್ಲಿ ಶುರುವಾಗುತ್ತದೆ ಎಂದು ಮನೆಯವರೇ ಹುಡುಕಬೇಕಾಗಿತ್ತು.

"ನೀನೇ ತೆಗಿ ಮಾರಾಯ. ಅದೇನೋ ದೂರದಿಂದ ಬೆಳಕು ಬಿಡೋ ಸಾಮಾನು ತರ್ಸಿದೀಯಂತಲ್ಲ."

ತರಿಸಿದ್ದೆ. ನಿವೃತ್ತಿಯ ನಂತರ ಕೆಲವರು ಯೋಗ ಹಿಡಿಯುತ್ತಾರೆ, ಕೆಲವರು ನೆಂಟರ ತಪ್ಪು ಹಿಡಿಯುತ್ತಾರೆ. ನಾನು ಕ್ಯಾಮೆರಾ ಹಿಡಿದಿದ್ದೆ. ಅಂಗೈಯಷ್ಟು ಫ್ಲಾಶ್, ಅದರ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವೆನಿಸುವ ಎರಡು ಡಬ್ಬಿಗಳು. ಒಂದನ್ನು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಬೇಕು, ಇನ್ನೊಂದನ್ನು ಫ್ಲಾಶಿನ ಬುಡಕ್ಕೆ. ಇಲ್ಲಿ ಗುಂಡಿ ಒತ್ತಿದರೆ ನಡುವೆ ತಂತಿಯೇ ಇಲ್ಲದೆ ಅಲ್ಲಿ ಬೆಳಕು. ಫ್ಲಾಶನ್ನು ಕ್ಯಾಮೆರಾದ ಮೇಲೇ ಇಟ್ಟು ಹೊಡೆದರೆ ಎಂಥವರ ಮುಖವೂ ಅಕ್ಕಿರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಅದನ್ನೇ ಪಕ್ಕಕ್ಕೆ ಒಯ್ದು, ಒಂದಷ್ಟು ಎತ್ತರದಲ್ಲಿಟ್ಟು ಹೊಡೆದರೆ ಮೂಗಿಗೆ ಮೂಗಿನ ಸ್ಥಾನ, ಕೆನ್ನೆಗೆ ಕೆನ್ನೆಯ ಸ್ಥಾನ. ಹಿಂದಿನ ಅಧ್ಯಕ್ಷರ ಗಾಂಭೀರ್ಯದ ಗುಟ್ಟು ಇಷ್ಟೇ ಎಂದು ಮಾವನಿಗೆ ತಿಳಿಸಿದೆ. ಅವರಿಗೆ ಬಹಳ ಸಮಾಧಾನವಾಯಿತು.

ಜಾವಳಿಯ ಹತ್ತಿರ ಅವರ ತೋಟ. ಕುಯ್ಲಿನ ಕಾಲವಾದ್ದರಿಂದ ಮನೆಯ ಮುಂದಿನ ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗುತ್ತಿತ್ತು. ಇಳಿಬಿಸಿಲು. ಕಣದ ಅಂಚಿನಲ್ಲಿ ಸಿಲ್ವರ್ ಓಕಿನ ನೆರಳಿಗೆ ಕುರ್ಚಿ ಹಾಕಿಸಿ ಮಾವನನ್ನು ಕೂರಿಸಿದೆವು. ಮದುವೆಮನೆಯ ಕೋಟು, ಕರಿ ಟೋಪಿ. ಫ್ಲಾಶಿಗೆ ಸ್ಟ್ಯಾಂಡು ನನ್ನಲ್ಲಿರಲಿಲ್ಲ. ಮೆಣಸು ಕೊಯ್ಯುವ ಏಣಿಯನ್ನು ಮರಕ್ಕೆ ಒರಗಿಸಿ, ಅದರ ಮೆಟ್ಟಿಲಿಗೆ ಫ್ಲಾಶನ್ನು ಬಾಳೆನಾರಿನಿಂದ ಕಟ್ಟಿದೆ. ಬೆಳಕು ಮೃದುವಾಗಲು ಕೊಡೆ ಬೇಕೆಂದು ಎಲ್ಲೋ ಓದಿದ್ದೆ. ಕೊಡೆಗೆ ಆ ಮನೆಯಲ್ಲಿ ಬರವೇ? ಒಂದು ಕಟ್ಟೇ ಬಂತು. ಎಲ್ಲವೂ ಕಪ್ಪು. ಕಪ್ಪು ಕೊಡೆಯೊಳಕ್ಕೆ ಹೋದ ಬೆಳಕು ಮತ್ತೆ ಹೊರಗೆ ಬರುವುದಿಲ್ಲ. ಕೊನೆಗೆ ಮಾವನ ಮಡಿಸಿಟ್ಟ ಪಂಚೆಯೊಂದನ್ನು ಫ್ಲಾಶಿನ ಮುಂದೆ ಏಣಿಗೆ ಇಳಿಬಿಟ್ಟೆ.

"ಅದು ಒಗ್ದಿದ್ದು ಕಣೋ, ಕೊಳೆ ಮಾಡ್ಬೇಡ" ಎಂದರು ಅತ್ತೆ.

ಮಾವ ಗಾಂಭೀರ್ಯ ತಂದುಕೊಂಡರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಗುಂಡಿ ಒತ್ತುವ ಮೊದಲೇ ಫ್ಲಾಶ್ ಫಳ್ಳೆಂದಿತು.

"ಬಂತಾ?" ಎಂದರು ಮಾವ, ತುಟಿ ಅಲುಗಿಸದೆ.

"ನಾನಿನ್ನೂ ಒತ್ತಿಲ್ಲ."

"ಮತ್ಯಾರು ಒತ್ತಿದ್ದು?"

ಮತ್ತೆ ಸಜ್ಜಾದೆವು. ಮತ್ತೆ ಅದು ತಾನಾಗಿ ಹೊಡೆಯಿತು. ತಕ್ಷಣ ನಾನು ಒತ್ತಿದೆ. ಆಗಷ್ಟೇ ಶಕ್ತಿಯೆಲ್ಲ ಖರ್ಚು ಮಾಡಿಕೊಂಡಿದ್ದ ಫ್ಲಾಶ್ ಮಿಟುಕಲೂ ಇಲ್ಲ. ಫೋಟೋದಲ್ಲಿ ಕತ್ತಲೆ, ಕತ್ತಲೆಯಲ್ಲಿ ಒಂದು ಟೋಪಿ.

ತೋಟದ ರೈಟರು, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವವರು, ಕಣದಲ್ಲಿ ಕಾಫಿ ಕೈಯಾಡಿಸುವುದನ್ನು ಬಿಟ್ಟು ಬಂದರು. ಏಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸಾವ್ಕಾರ್ರೆ, ಕಟ್ಟೋವಾಗ ದೇವ್ರಿಗೆ ಕೈ ಮುಗಿದಿದ್ರಾ ಇವ್ರು?"

"ನೀವು ಸುಮ್ನಿರಿ ರೈಟ್ರೇ" ಎಂದ ಮಾವ, ಕೂತಲ್ಲೇ ಆಲೋಚನೆಗೆ ಇಳಿದರು. ಆಮೇಲೆ ತೀರ್ಪು ಕೊಟ್ಟರು. "ಇದು ಬೇಲಿ ಕೆಲಸ."

ಪಕ್ಕದ ತೋಟಕ್ಕೂ ಇವರ ತೋಟಕ್ಕೂ ನಡುವೆ ಸೋಲಾರ್ ಬೇಲಿ ಇದೆ. ದನಕರು ಮುಟ್ಟಿದರೆ ಚುರುಕೆನ್ನುತ್ತದೆ. ಅದರ ಯಂತ್ರ ಹಗಲೂ ರಾತ್ರಿ ಟಕ್, ಟಕ್ ಎನ್ನುತ್ತಿರುತ್ತದೆ. ತಂತಿಯಿಲ್ಲದೆ ಬೆಳಕು ಹೋಗುವುದಾದರೆ ತಂತಿಯಿಂದ ಕರೆಂಟು ಹಾರಿಬಂದು ಫ್ಲಾಶಿಗೆ ಕುಟುಕುವುದರಲ್ಲಿ ಏನಾಶ್ಚರ್ಯ ಎಂಬುದು ಮಾವನ ವಾದ. ನಾನು ಓದಿದವನು, ನಗಬೇಕಿತ್ತು. ನಗಲಿಲ್ಲ. "ಇದ್ದರೂ ಇರಬಹುದು" ಎಂದೆ.

ರೈಟರು ಹೋಗಿ ಬೇಲಿಯ ಯಂತ್ರ ಆಫ್ ಮಾಡಿ ಬಂದರು. ಟಕ್ ಟಕ್ ನಿಂತಿತು. ಅದನ್ನು ಅಣಕಿಸುವಂತೆ ಫ್ಲಾಶ್ ಮತ್ತೊಮ್ಮೆ ಫಳ್ಳೆಂದಿತು.

"ತಂತೀಲಿ ಉಳಿದಿರೋ ಕರೆಂಟು ಇಳೀಬೇಕಲ್ಲ" ಎಂದರು ಮಾವ. "ಸ್ವಲ್ಪ ಹೊತ್ತು ತಡಿ."

ಕರೆಂಟು ಇಳಿಯಲೆಂದು ನಾವೆಲ್ಲ ಕಾಫಿ ಕುಡಿಯುತ್ತ ಕಾದೆವು. ಅತ್ತೆ ನನ್ನ ಕಡೆ ನೋಡಿ, "ನಮ್ಮಪ್ಪನ ಫೋಟೋ ತೆಗೆಯಕ್ಕೆ ಆಲ್ದೂರಿಂದ ಒಬ್ಬ ಮನುಷ್ಯ ಬರ್ತಿದ್ದ. ಒಂದೇ ಸಲ ಒತ್ತೋನು, ಊಟ ಮಾಡ್ಕೊಂಡು ಹೋಗೋನು" ಎಂದರು. ಊಟದ ವಿಷಯದಲ್ಲಿ ಮಾತ್ರ ನಾನು ಅವನಿಗೆ ಸಮನಾಗಬಲ್ಲೆ ಎಂಬುದು ಆ ಮಾತಿನ ಧ್ವನಿ.

ಬೇಲಿಗೆ ಜೀವವಿಲ್ಲ ಎಂಬ ಸುದ್ದಿ ಪಕ್ಕದ ತೋಟದ ಹಸುವಿಗೆ ಹೇಗೆ ಮುಟ್ಟಿತೋ ತಿಳಿಯದು. ಬಹುಶಃ ಅದು ದಿನವೂ ಬಂದು ವಿಚಾರಿಸಿಕೊಂಡು ಹೋಗುತ್ತಿತ್ತು. ಮಾವ ಮತ್ತೆ ಟೋಪಿ ಸರಿಮಾಡಿಕೊಂಡು, ದೃಷ್ಟಿಯನ್ನು ದೂರಕ್ಕೆ ನೆಟ್ಟರು. ಆ ದೂರದಲ್ಲಿ ಹಸು ಕಾಣಿಸಿತು. ಅವಸರವಿಲ್ಲದೆ ಕಣಕ್ಕೆ ಇಳಿದು, ಒಣಗಿದ ಪಾರ್ಚ್‌ಮೆಂಟಿನ ಮೇಲೆ ನಡೆದು ಬಂದು, ನಟ್ಟನಡುವೆ ನಿಂತು, ಬಾಲ ಎತ್ತಿತು.

ಮಾವ ಕುರ್ಚಿಯಿಂದ ಅರ್ಧ ಎದ್ದರು. ಬೆರಳು ಆಕಾಶಕ್ಕೆ ಹೋಯಿತು.

"ಏಯ್! ಯಾರ್ರೋ ಅಲ್ಲಿ! ಓಡಿಸ್ರೋ! ರೈಟ್ರೇ, ಹಿಡೀರಿ ಬಾಲಾನ!"

ಅವರಿಂದ ಅಷ್ಟು ದೊಡ್ಡ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೆದರಿ ಗುಂಡಿ ಒತ್ತಿಬಿಟ್ಟೆ. ಫ್ಲಾಶ್, ಅಂದು ಮೊದಲ ಬಾರಿಗೆ, ನಾನು ಹೇಳಿದ್ದಕ್ಕೆ ಹೊಡೆಯಿತು.

ಹಸುವಿನ ಹಿಂದೆಯೇ, ಜೀವ ಹೋದ ಬೇಲಿ ದಾಟಿ ಒಬ್ಬ ಯುವಕ ಬಂದ. ಕೊರಳಲ್ಲಿ ಎರಡು ಕ್ಯಾಮೆರಾ. ಪಕ್ಕದ ತೋಟದವರು ಹೋಮ್‌ಸ್ಟೇ ನಡೆಸುತ್ತಾರೆ. ಅವರ ಹುಲ್ಲುಹಾಸಿನ ಮೇಲೆ, ಬೇಲಿಯಿಂದ ಕೂಗಳತೆಯಲ್ಲಿ, ಮದುವೆಯಾಗಲಿರುವ ಜೋಡಿಯೊಂದರ ಫೋಟೋ ತೆಗೆಯುತ್ತಿದ್ದನಂತೆ.

"ಸರ್, ನಮ್ಮ ಫ್ಲಾಶ್ ತಾನಾಗಿ ಹೊಡೀತಿದೆ. ಹುಡುಗಿ ಬೆಚ್ಚಿಬೀಳ್ತಾರೆ. ಅವರಮ್ಮ ಈ ಜಾಗ ಸರಿ ಇಲ್ಲ, ಹೋಗೋಣ ಅಂತಿದಾರೆ. ನಿಮ್ಮ ಹತ್ರಾನೂ ಟ್ರಿಗರ್ ಇದೆಯಾ?"

ಇತ್ತು. ಅವನದ್ದೂ ನನ್ನದೂ ಒಂದೇ ಜಾತಿಯ ಡಬ್ಬಿ. ಈ ಡಬ್ಬಿಗಳಿಗೆ ಹಲವು ಚಾನೆಲ್‌ಗಳಿರುತ್ತವೆ, ಅಕ್ಕಪಕ್ಕದವರು ಬೇರೆ ಬೇರೆ ಇಟ್ಟುಕೊಳ್ಳಬೇಕು. ಅಂಗಡಿಯಿಂದ ಬರುವಾಗ ಎಲ್ಲವೂ ಒಂದರಲ್ಲೇ ಇರುತ್ತವೆ. ಅವನೂ ಬದಲಿಸಿರಲಿಲ್ಲ, ನಾನೂ ಬದಲಿಸಿರಲಿಲ್ಲ. ಅವನು ವಧುವಿನ ನಗುವಿಗೆ ಒತ್ತಿದಾಗಲೆಲ್ಲ ನಮ್ಮ ಮಾವನ ಗಾಂಭೀರ್ಯಕ್ಕೆ ಬೆಳಕು ಬಿದ್ದಿತ್ತು. ನಾನು ಮಾವನಿಗೆ ಒತ್ತಿದಾಗ ವಧು ಬೆಚ್ಚಿದ್ದಳು. ಬೇಲಿ ನಿರಪರಾಧಿ.

"ಹೋಗಿ ಬೇಲಿಗೆ ಕರೆಂಟ್ ಹಾಕಿ ರೈಟ್ರೇ" ಎಂದರು ಅತ್ತೆ. "ಮೊದ್ಲು ಹಸು ಆಚೆ ಹೋಗ್ಲಿ."

ಚಾನೆಲ್ ಬದಲಿಸಿ, ಬೆಳಕಿರುವಷ್ಟು ಹೊತ್ತು ಮಾವನ ಫೋಟೋ ತೆಗೆದೆ. ಫ್ಲಾಶ್ ಹೇಳಿದಂತೆ ಕೇಳಿತು. ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ನೆರಳು, ಎಲ್ಲ ಶಾಸ್ತ್ರೋಕ್ತವಾಗಿ. ರಾತ್ರಿ ಊಟದ ಮೊದಲು ಎಲ್ಲರೂ ಕೂತು ನೋಡಿದೆವು. ಬೆಳಕಿನಲ್ಲಿ ದೋಷವಿರಲಿಲ್ಲ. ಆದರೆ ಆ ಬೆಳಕು ಬಿದ್ದದ್ದು ಆಧಾರ್ ಕಾರ್ಡಿನ ಮೇಲೆ. ಒಂದರಲ್ಲೂ ಮಾವ ಬಾವಿಯಿಂದ ಹೊರಗೆ ಬಂದಿರಲಿಲ್ಲ.

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನಗೆ ಪಾಪ ಅನಿಸಿತು.

"ಅದ್ಯಾವ್ದೋ ಇನ್ನೊಂದು ಇತ್ತಲ್ಲ" ಎಂದರು ಅತ್ತೆ. "ಕೂಗಾಡಿದ್ದು."

ತೋರಿಸಿದೆ. ಅರ್ಧ ಎದ್ದು ನಿಂತ ಮಾವ. ಎತ್ತಿದ ಬೆರಳು. ಕಣ್ಣಿನಲ್ಲಿ ಬೆಂಕಿ. ಪಂಚೆಯಿಂದ ಸೋಸಿಬಂದ ಬೆಳಕು ಹಣೆಯ ಒಂದು ಬದಿಯನ್ನು ಹಿಡಿದಿದೆ, ಇನ್ನೊಂದು ಬದಿ ಗಂಭೀರವಾದ ಕತ್ತಲೆ. ಸಾವಿರಾರು ಜನರ ಮುಂದೆ ನಿಂತು, ನಾಡಿನ ಭವಿಷ್ಯದ ಬಗ್ಗೆ ಕೊನೆಯ ಮಾತು ಹೇಳುತ್ತಿರುವ ನಾಯಕ.

"ಹಸುಗೆ ಬೈದಿದ್ದನ್ನ ಗೋಡೆಗೆ ಹಾಕ್ತೀಯೇನೆ?" ಎಂದರು ಮಾವ.

"ಹಸು ಇದ್ರಲ್ಲಿ ಇಲ್ವಲ್ಲ" ಎಂದರು ಅತ್ತೆ. ಅಲ್ಲಿಗೆ ಚರ್ಚೆ ಮುಗಿಯಿತು.

ವಾರ್ಷಿಕ ಸಭೆಯ ದಿನ ಫೋಟೋ ಗೋಡೆಗೇರಿತು. ಅದರ ಪಕ್ಕದಲ್ಲಿ ಹಿಂದಿನ ಅಧ್ಯಕ್ಷರು ತಮ್ಮ ಸರದಿಗಾಗಿ ಕಾಯುತ್ತಿರುವ ಭಾಷಣಕಾರರಂತೆ ಕಂಡರು. ಹೊಸ ಸದಸ್ಯರು ಕೆಳಗೆ ನಿಂತು, "ಆಗಿನವ್ರು ಹೆಂಗೆ ಮಾತಾಡ್ತಿದ್ರು ನೋಡಿ" ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಕಾರ್ಯದರ್ಶಿಗಳು ಬಹಳ ಹೊತ್ತು ದಿಟ್ಟಿಸಿ, "ಇದು ಯಾವ ಸಭೇದು ಸರ್?" ಎಂದು ಕೇಳಿದರು. ಮಾವ ಎಂದಿನಂತೆ ತಲೆಯಾಡಿಸಿದರು.

ಆದರೆ ಅಂಥ ಫೋಟೋ ಹಾಕಿಸಿಕೊಂಡವರನ್ನು ಸುಮ್ಮನೆ ಬಿಡುವುದುಂಟೇ? ಎರಡು ಮಾತಾಡಬೇಕೆಂದು ಸಭೆಯೇ ಒತ್ತಾಯಿಸಿತು. ಮಾವ ಎದ್ದರು. ಮೈಕಿನ ಮುಂದೆ ನಿಂತರು. ನಿಂತೇ ಇದ್ದರು. ಬಾವಿ ಹತ್ತಿರವಾಗುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅತ್ತೆಯ ಮೆಲುದನಿ ಬಂತು.

"ಹಸು, ರೀ. ಹಸು."

ಮಾವನ ಬೆರಳು ಮೇಲೆದ್ದಿತು. ಅಂಕೆಯಿಲ್ಲದ ದನಗಳು, ಒಣಗುವ ಕಾಫಿ, ಕುಯ್ಲಿನ ಕಾಲದಲ್ಲಿ ನೆರೆಯವರ ಜವಾಬ್ದಾರಿ: ಈ ವಿಷಯವಾಗಿ ಅವರು ಕಾಫಿ ತಣ್ಣಗಾಗುವವರೆಗೆ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿ ಅದನ್ನೊಂದು ನಿರ್ಣಯವಾಗಿ ಅಂಗೀಕರಿಸಿತು. ಅನುಮೋದಿಸಿದವರು, ಕಣ್ಣೊರೆಸಿಕೊಳ್ಳುತ್ತ, ಪಕ್ಕದ ತೋಟದವರೇ.