ಎತ್ತಿಕೊಂಡ ದಾಳ

ಅವನ ಕೆಲಸ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಮಾಡಿಕೊಡುವವನು. ಕ್ಲಿನಿಕ್ಕಿನ ಹಿಂದೆ, ಹೊರಗಡೆಯಿಂದ ಬಾಗಿಲಿದ್ದ ಒಂದು ಸಣ್ಣ ಕೋಣೆ. ಮೂವತ್ತೆಂಟು ವರ್ಷ ಅದೇ ಸ್ಟೂಲು. ಊರಿನ ಅರ್ಧ ಮುದುಕರು ಅವನು ಕೊಟ್ಟ ನಗುವನ್ನೇ ನಗುತ್ತಿದ್ದರು, ಆದರೆ ಬೀದಿಯಲ್ಲಿ ಎದುರಾದರೆ ಯಾರಿಗೂ ಅವನ ಗುರುತು ಸಿಗುತ್ತಿರಲಿಲ್ಲ. ಹಲ್ಲಪ್ಪ ಅಂತ ಹೆಸರಿಟ್ಟವನು ಅವನ ಅಣ್ಣ. ಆ ಹೆಸರೇ ನಿಂತುಹೋಯಿತು. ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ, "ಅಚ್ಚು ಕೂಡಿ ಬರ್ಲಿಲ್ಲ" ಅನ್ನುತ್ತಿದ್ದ.

ಅಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ತಪ್ಪು ಕಂಡರೆ ಬಿಡುವ ಪೈಕಿಯಲ್ಲ. ಔಷಧಿ ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೂ ಪೆನ್ನು ತೆಗೆದು ಸರಿ ಮಾಡಿದ ಮೇಲೇ ಔಷಧಿ ಕುಡಿಯುತ್ತಿದ್ದ.

ಈ ಇಬ್ಬರಿಗೂ ಒಂದು ಆಟವಿತ್ತು. ವಯಸ್ಸಿನಲ್ಲಿ ಒಮ್ಮೆ ಒಟ್ಟಿಗೆ ಅಂಗಡಿಗೆ ಹೋಗಿ, ಯಾವುದೋ ದೊಡ್ಡ ಕಂಪನಿಯ ಯುದ್ಧದ ಆಟ ನೋಡಿಕೊಂಡು ಬಂದಿದ್ದರು. ನೂರು ಸೈನಿಕರು, ಬಾಗಿಲಗಲದ ಮೇಜು, ಇಟ್ಟಿಗೆಯಷ್ಟು ದಪ್ಪದ ನಿಯಮದ ಪುಸ್ತಕ. ಹೊರಗೆ ಬಂದು ಅಣ್ಣ, "ಇಷ್ಟೊಂದು ಜನ ಸತ್ರೆ ಯಾರಿಗೆ ಅಂತ ಅಳೋದು?" ಅಂದ. ಮನೆಗೆ ಬಂದು ತಾನೇ ಒಂದು ಆಟ ಬರೆಯಲು ಕೂತ. ಎಂಟು ತಿಂಗಳು ಹಿಡಿಯಿತು. ಮೂವತ್ತೆರಡು ಪುಟ, ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದ, ಮಧ್ಯೆ ಎರಡು ಪಿನ್ನು. ಒಂದಷ್ಟು ಪ್ರತಿ ಅಚ್ಚು ಹಾಕಿ, ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. 'ಐದು ಜನ, ಒಂದು ಗ್ರಹ' ಅಂತ ಹೆಸರು.

ಕಥೆ ಇಷ್ಟೇ. ಆಕಾಶದಾಚೆ ಎಲ್ಲೋ ಒಂದು ಗ್ರಹ. ಗಣಿ ತೋಡುತ್ತಿದ್ದ ಕಂಪನಿ ಆಳುಗಳನ್ನು ಬಿಟ್ಟು ಓಡಿಹೋಗಿದೆ. ಐದೈದು ಜನರ ಎರಡು ಗುಂಪು ಉಳಿದಿದೆ. ಕೆಟ್ಟು ನಿಂತ ಹಡಗು ಒಂದೇ, ಅದರಲ್ಲಿ ಸೀಟು ಐದೇ. ಹಡಗಿನ ಬಿಡಿಭಾಗಗಳಿಗಾಗಿ ಇವರು ಹೊಡೆದಾಡಬೇಕು. ಪುಸ್ತಕದ ಮೊದಲ ಪುಟದಲ್ಲಿ ಅಣ್ಣ ಬರೆದಿದ್ದ: ದೊಡ್ಡ ಸೈನ್ಯ ಬೇಡ, ಮೇಜಿನ ಒಂದು ಮೂಲೆ ಸಾಕು. ಮನೆಯಲ್ಲಿ ಯಾವ ಗೊಂಬೆ ಇದೆಯೋ ಅದೇ ಆದೀತು. ಐದೇ ಜನರಾದರೆ ಒಬ್ಬೊಬ್ಬರ ಮೇಲೂ ಪ್ರೀತಿ ಬರುತ್ತದೆ.

ಗೊಂಬೆಗಳನ್ನು ಮಾಡಿದ್ದು ಹಲ್ಲಪ್ಪ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ, ಹೆಚ್ಚಲ್ಲ. ಮೇಣದಲ್ಲಿ ತಿದ್ದಿ, ಅಚ್ಚು ಮಾಡಿ, ಒಸಡಿಗೆ ಹಾಕುವ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ಎರಕ ಹುಯ್ಯುತ್ತಿದ್ದ. ಮೇಲೆ ಎಷ್ಟು ಬಣ್ಣ ಬಳಿದರೂ ಪಾದದಡಿ ಒಸಡು ಕಾಣುತ್ತಿತ್ತು. ಬಂದೂಕಿಗೆ ಮುರಿದ ರೀಫಿಲ್ಲಿನ ತುದಿ. ಅಣ್ಣನ ಗುಂಪಿನಲ್ಲಿ ಕುಂಟ ಕ್ಯಾಪ್ಟನ್, ಒಬ್ಬ ಅಡುಗೆಯವಳು, ರೇಡಿಯೋ ಹೊತ್ತವನು, ಅವಳಿ ಅಕ್ಕತಂಗಿಯರು. ಒಂದು ಸರದಿಗೆ ಒಂದು ಆಳು ಒಂದು ಗೇಣು ನಡೆಯಬಹುದು ಅಂತ ನಿಯಮ. ಗೇಣು ಅಂದರೆ ಯಾರ ಗೇಣು? ಆರು ವಾರ ಇದೇ ಜಗಳ. ಕೊನೆಗೆ ಹಲ್ಲಪ್ಪ ಅಣ್ಣನ ಕೈ ಅಳೆದು ಅದೇ ಗುಲಾಬಿ ಅಕ್ರಿಲಿಕ್ಕಿನಲ್ಲಿ ಒಂದು ಕಡ್ಡಿ ಮಾಡಿಕೊಂಡು ಬಂದ. ಅತ್ತಿಗೆ ಅದನ್ನು ನೋಡಿ, "ಇದ್ಯಾರ ಒಸಡೋ, ಇಷ್ಟುದ್ದ?" ಅಂತ ಸೆರಗು ಬಾಯಿಗಿಟ್ಟು ನಕ್ಕಿದ್ದರು.

ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಟೀ ಹೊತ್ತಿನವರೆಗೆ, ಅಣ್ಣನ ಅಡುಗೆಮನೆಯ ಮೇಜು. ಮಾತ್ರೆಯ ಡಬ್ಬಿಗಳೇ ಬಂಡೆ, ಜರಡಿಯೇ ಹಡಗು. ಎಲ್ಲಕ್ಕಿಂತ ಬಿಗಿಯಾದ ನಿಯಮ ಎಂಟನೆಯ ಪುಟದಲ್ಲಿತ್ತು: ದಾಳ ಉರುಳಿ ನಿಂತ ಮೇಲೆ ಇಬ್ಬರೂ ನೋಡುವವರೆಗೆ ಯಾರೂ ಅದನ್ನು ಮುಟ್ಟಬಾರದು. ಸತ್ತ ಆಳು ಸತ್ತಂತೆ; ಮುಂದಿನ ವಾರ ಎದ್ದು ಬರುವ ಹಾಗಿಲ್ಲ, ಆ ಜಾಗಕ್ಕೆ ಹಲ್ಲಪ್ಪ ಹೊಸ ಆಳನ್ನೇ ಎರಕ ಹುಯ್ಯಬೇಕು. ಅಡುಗೆಯವಳು ಸತ್ತ ವಾರ ಅಣ್ಣ ಊಟವನ್ನೇ ಅರ್ಧಕ್ಕೆ ಬಿಟ್ಟಿದ್ದ. ಪುಸ್ತಕ ತರಿಸಿಕೊಂಡವರು ಬೇರೆ ಬೇರೆ ಊರುಗಳಿಂದ ಕಾಗದ ಬರೆಯುತ್ತಿದ್ದರು. ಒಬ್ಬ ನರ್ಸು, ತನ್ನ ಹತ್ತಿರ ಗೊಂಬೆಗಳಿಲ್ಲ, ಹತ್ತು ಗುಂಡಿ ಇಟ್ಟುಕೊಂಡು ಒಬ್ಬಳೇ ಎರಡೂ ಕಡೆ ಆಡುತ್ತೇನೆ, ಇವತ್ತು ಕಪ್ಪು ಗುಂಡಿ ಗಾಯಗೊಂಡ ನೀಲಿ ಗುಂಡಿಯನ್ನು ಹೊತ್ತುಕೊಂಡು ಬಂತು, ನನಗೆ ಅಳು ಬಂದುಬಿಟ್ಟಿತು, ಅಂತ ಬರೆದಿದ್ದಳು. ಅಣ್ಣ ಎಲ್ಲರಿಗೂ ಉತ್ತರ ಬರೆಯುತ್ತಿದ್ದ, ಅವರ ಕಾಗುಣಿತದ ತಪ್ಪನ್ನೂ ತಿದ್ದಿ ಕಳಿಸುತ್ತಿದ್ದ.

ಹೀಗೆ ಇಪ್ಪತ್ತೊಂಬತ್ತು ವರ್ಷ. ಆಮೇಲೆ ಒಂದು ಭಾನುವಾರ ಅಣ್ಣ ಅಕ್ರಿಲಿಕ್ ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಯಾತಕ್ಕೋ?" ಅಂದ. ತಮಾಷೆ ಅಂದುಕೊಂಡು ಹಲ್ಲಪ್ಪ ನಕ್ಕ. ಅಣ್ಣ ನಗಲಿಲ್ಲ.

ಡಾಕ್ಟರಿಗೆ ತೋರಿಸಿದರು. ಮರೆವಿನ ಕಾಯಿಲೆ, ಹೆಚ್ಚುತ್ತಾ ಹೋಗುತ್ತದೆ, ರೂಢಿಯಲ್ಲಿರುವ ಕೆಲಸ ಯಾವುದನ್ನೂ ಬಿಡಿಸಬೇಡಿ ಅಂದರು. ಹಾಗಾಗಿ ಆಟ ನಡೆಯಿತು. ಆದರೆ ಅಣ್ಣ ಸೋಲತೊಡಗಿದ. ಮರೆಯಲ್ಲಿದ್ದ ಆಳನ್ನು ಬಯಲಿಗೆ ತಂದು ನಿಲ್ಲಿಸುತ್ತಿದ್ದ. ತಾನೇ ಬರೆದ ಪುಸ್ತಕವನ್ನು ಬೆರಳಿಟ್ಟು ಓದಿ, "ಯಾರು ಬರೆದದ್ದೋ, ಚೆನ್ನಾಗಿ ಬರ್ದಿದ್ದಾರೆ" ಅನ್ನುತ್ತಿದ್ದ. ಸೋತ ದಿನ ಗೋಡೆ ನೋಡಿಕೊಂಡು ಕೂರುತ್ತಿದ್ದ.

ಒಂದು ದಿನ ಅತ್ತಿಗೆ ಹಲ್ಲಪ್ಪನನ್ನು ಬಾಗಿಲ ಹತ್ತಿರ ತಡೆದರು. "ಬುಧವಾರದ ತನಕ ಮಂಕು ಬಡಿದ ಹಾಗೆ ಕೂತಿರ್ತಾರೆ ಕಣೋ. ನಂಗೆ ನೋಡೋಕಾಗಲ್ಲ. ಒಂದೆರಡು ಸಲ ಗೆಲ್ಲಲಿ ಬಿಡು."

"ಅವನಿಗೆ ಗೊತ್ತಾದ್ರೆ ಅತ್ತಿಗೆ?"

"ಬೆಳಗ್ಗೆ ತಿಂದಿದ್ದೇ ಗೊತ್ತಿರಲ್ಲ, ಇದು ಗೊತ್ತಾಗತ್ತಾ?"

ಹಲ್ಲಪ್ಪ ಇಲ್ಲ ಅನ್ನಲಿಲ್ಲ. ನಾಲ್ಕು ವಾರ ಸೋತ. ಮೊದಲ ವಾರ ಬೇಕಂತಲೇ ತಪ್ಪು ದಾರಿಯಲ್ಲಿ ನಡೆದ. ಆಮೇಲಾಮೇಲೆ ಧೈರ್ಯ ಬಂತು. ಅಣ್ಣ ಸೋಮವಾರವೂ ಶಿಳ್ಳೆ ಹಾಕಿಕೊಂಡು ಓಡಾಡಿದ ಅಂತ ಅತ್ತಿಗೆ ಹೇಳಿದಾಗ, ಮಾಡಿದ್ದು ಸರಿ ಅಂತಲೇ ಅನ್ನಿಸಿತು.

ನಾಲ್ಕನೆಯ ವಾರ ಅಣ್ಣನ ಕುಂಟ ಕ್ಯಾಪ್ಟನ್ ಬಯಲಲ್ಲಿ ಒಬ್ಬನೇ ಸಿಕ್ಕಿಬಿದ್ದಿದ್ದ. ಹಲ್ಲಪ್ಪನ ಸರದಿ. ನಾಲ್ಕು ಅಥವಾ ಹೆಚ್ಚು ಬಿದ್ದರೆ ಗುರಿ ತಾಗಿದಂತೆ. ದಾಳ ಎಸೆದ. ಐದು. ಎಸೆದ ಕೈಯಲ್ಲೇ ಗಬಕ್ಕನೆ ಎತ್ತಿಕೊಂಡು, "ಥೂ, ಎರಡು" ಅಂದ.

ಅಣ್ಣ ಮೇಜನ್ನೇ ನೋಡುತ್ತಿದ್ದ. "ಯಾಕೆ ಎತ್ತಿದೆ?"

"ಎರಡು ಬಿತ್ತಲ್ಲಣ್ಣ."

"ಐದು ಬಿತ್ತು. ನಾನು ನೋಡ್ದೆ." ಆ ದನಿ ಹಳೆಯ ದನಿ, ಕರಡು ತಿದ್ದುವವನ ದನಿ. ತಿಂಗಳುಗಟ್ಟಲೆ ಕೇಳಿರದ ದನಿ ಅವತ್ತೇ ಬರಬೇಕಾಗಿತ್ತೇ. "ಎಷ್ಟು ವಾರದಿಂದ ನಡೀತಿದೆ ಇದು?"

ಹಲ್ಲಪ್ಪ ದಾಳವನ್ನು ಮೇಜಿನ ಮೇಲಿಟ್ಟ. ಒಲೆಯ ಹತ್ತಿರವಿದ್ದ ಅತ್ತಿಗೆ ಸೌಟು ಹಿಡಿದುಕೊಂಡೇ, "ನಾನೇ ಹೇಳಿದ್ದು, ಅವನದೇನೂ..." ಅಂದರು.

"ನೀನು ಸುಮ್ನಿರು," ಅಂದ ಅಣ್ಣ. ಕೂಗಲಿಲ್ಲ. ತಮ್ಮನ ಕಡೆ ತಿರುಗಿದ. "ಡಾಕ್ಟ್ರು ಪರವಾಗಿಲ್ಲ ಅಂತಾರೆ. ಇವಳು ನಿಮಗೇನಾಗಿದೆ, ಚೆನ್ನಾಗೇ ಇದ್ದೀರಲ್ಲ ಅಂತಾಳೆ. ಎಲ್ಲಾರೂ ಸುಳ್ಳು. ಈ ಮೇಜಿನ ಮೇಲೆ ಒಂದೇ ಒಂದು ಸುಳ್ಳಿರ್ಲಿಲ್ಲ ಕಣೋ. ನಾನು ಎಷ್ಟು ಹಾಳಾಗಿದ್ದೀನಿ ಅಂತ ನನಗೆ ಗೊತ್ತಾಗ್ತಿದ್ದಿದ್ದು ಇಲ್ಲಿ ಸೋತಾಗ. ಅದನ್ನೂ ಕಿತ್ಕೊಂಡ್ಯಾ?"

ಐದು ಆಳುಗಳನ್ನೂ ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿ, ಕೋಣೆಗೆ ಹೋಗಿಬಿಟ್ಟ. ಟೀಗೂ ಬರಲಿಲ್ಲ.

ಆ ವಾರ ಹಲ್ಲಪ್ಪ ಒಬ್ಬ ಹೆಂಗಸಿನ ಸೆಟ್ಟಿಗೆ ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿದ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಕ್ಲಿನಿಕ್ಕಿನ ಡಾಕ್ಟರು ಸೆಟ್ಟನ್ನು ವಾಪಸು ತಂದು ಅವನ ಮುಂದೆ ಇಟ್ಟು ಹೋದರು.

ಭಾನುವಾರ ಬಂತು. ಅಣ್ಣನ ಕಾಲು ಹಿಡಿದಾದರೂ ತಪ್ಪಾಯಿತು ಅನ್ನಬೇಕು ಅಂತ ಹೋದರೆ, "ಬಾರೋ ಹಲ್ಲಪ್ಪ, ಯಾಕೋ ಇಳಿದುಹೋಗಿದ್ದೀಯ? ಊಟ ಆಯ್ತಾ?" ಅಂತ ನಗುನಗುತ್ತಾ ಕರೆದ. ಜಗಳದ ಒಂದು ಚೂರೂ ನೆನಪಿಲ್ಲ. ಹಲ್ಲಪ್ಪನಿಗೆ ಜೀವ ಬಂದಂತಾಯಿತು. ಅಷ್ಟು ಸುಲಭಕ್ಕೆ ಪಾರಾದೆನಲ್ಲ ಅಂತ ನಾಚಿಕೆಯೂ ಆಯಿತು. ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದ.

ಅಣ್ಣ ಕೈಗಳನ್ನು ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಂಡ. "ಬೇಡ."

"ಯಾಕಣ್ಣ?"

"ಗೊತ್ತಿಲ್ಲ." ಕೆಟ್ಟದ್ದೇನೋ ವಾಸನೆ ಬಂದವನ ಹಾಗೆ ಮುಖ ಕಿವುಚಿಕೊಂಡಿದ್ದ. "ನಿನ್ನ ಜೊತೆ ಬೇಡ."

ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರ ಹಲ್ಲಪ್ಪ ಹೊಸದಾಗಿ ಐದು ಆಳು ಮಾಡಿ ತಂದ. ಅಣ್ಣ ಅವನ್ನು ಮೆಚ್ಚಿ, ಪಾದ ತಿರುಗಿಸಿ ನೋಡಿ, ಒಸಡು ಕಂಡು ನಕ್ಕು, ವಾಪಸು ಕೊಟ್ಟ. ಅತ್ತಿಗೆ ಎದುರಿಗೆ ಕೂತರೆ ಮಾತ್ರ ದಾಳ ಎಸೆಯುತ್ತಿದ್ದ, ಲೆಕ್ಕವಿಲ್ಲ, ನಿಯಮವಿಲ್ಲ, ಸುಮ್ಮನೆ ಉರುಳಿಸುವುದು. ಹಲ್ಲಪ್ಪ ಕುರ್ಚಿ ಎಳೆದರೆ ಸಾಕು, ಕೈ ಮಡಿಲಿಗೆ ಹೋಗುತ್ತಿತ್ತು. ಆದದ್ದು ತಲೆಯಿಂದ ಹೋಗಿತ್ತು, ಆದರೆ ಆ ನೋವು ಹೋಗಿರಲಿಲ್ಲ.

"ನನ್ನಿಂದ ಆಯ್ತು," ಅಂದರು ಅತ್ತಿಗೆ, ಕೈ ಕೈ ಹಿಸುಕಿಕೊಳ್ಳುತ್ತಾ.

"ಎತ್ತಿದ್ದು ನನ್ನ ಕೈ ಅತ್ತಿಗೆ," ಅಂದ ಹಲ್ಲಪ್ಪ.

ಭಾನುವಾರ ಹೋಗುವುದನ್ನು ಮಾತ್ರ ಅವನು ಬಿಡಲಿಲ್ಲ. ಒಂದು ವರ್ಷವಾಗುವ ಹೊತ್ತಿಗೆ ಅಣ್ಣನಿಗೆ ತಮ್ಮನ ಗುರುತು ಹತ್ತುವುದು ನಿಂತಿತು. ಬಂದವನನ್ನು ಪ್ರೆಸ್ಸಿನವರು ಅಂದುಕೊಂಡು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಅವತ್ತೂ "ಬನ್ನಿ, ಕೂತ್ಕೊಳ್ಳಿ" ಅಂದ. ಹಲ್ಲಪ್ಪ ಕುರ್ಚಿ ಎಳೆದು ಕೂತ. ಈ ಸಲ ಅಣ್ಣನ ಕೈ ಮಡಿಲಿಗೆ ಹೋಗಲಿಲ್ಲ, ಮೇಜಿನ ಮೇಲೇ ಇತ್ತು. ಸಿಟ್ಟಿನಲ್ಲಾದರೂ ತನ್ನನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಅಣ್ಣ ಈಗ ಅದನ್ನೂ ಬಿಟ್ಟಿದ್ದ.

"ನಿಮಗೊಂದು ವಿಷಯ ಹೇಳ್ಬೇಕು," ಅಂದ ಹಲ್ಲಪ್ಪ.

"ಹೇಳಿ."

ಹಲ್ಲಪ್ಪ ಮೊದಲಿಂದ ಹೇಳಿದ. ಒಬ್ಬ ಅಣ್ಣ, ಒಬ್ಬ ತಮ್ಮ, ಅವರದೊಂದು ಆಟ. ಅಣ್ಣನಿಗೆ ಕಾಯಿಲೆಯಾದದ್ದು. ತಮ್ಮ ಸುಳ್ಳು ಸೋಲು ಸೋತದ್ದು. ದಾಳ ಎತ್ತಿದ್ದು. ಅಣ್ಣ ಕಂಡುಹಿಡಿದದ್ದು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಅಣ್ಣ ಕತ್ತು ಒಂದು ಕಡೆ ವಾಲಿಸಿ, ಕರಡು ಓದುವಾಗಿನಂತೆ ಕೇಳಿದ.

"ಹಾಗೆ ಮಾಡಬಾರ್ದಾಗಿತ್ತು," ಅಂದ ಕೊನೆಗೆ. "ಪಾಪ, ಆ ಅಣ್ಣನಿಗೆ ಎಷ್ಟು ಬೇಜಾರಾಗಿರ್ಬೇಕು."

"ಹೌದು."

"ತಪ್ಪಾಯ್ತು ಅಂತ ಹೇಳಿದ್ನಾ ತಮ್ಮ?"

"ಇವತ್ತು ಹೇಳ್ದ."

"ಅದಕ್ಕೆ ಅಣ್ಣ ಏನಂದ್ರು?"

ಒಲೆಯ ಹತ್ತಿರ ಅತ್ತಿಗೆಯ ಪಾತ್ರೆಯ ಸದ್ದು ನಿಂತಿತು. "ಇನ್ನೂ ಏನೂ ಅಂದಿಲ್ಲ," ಅಂದ ಹಲ್ಲಪ್ಪ.

"ಅಂತಾರೆ ಬಿಡಿ," ಅಂದ ಅಣ್ಣ, ಬಂದವರಿಗೆ ಸಮಾಧಾನ ಹೇಳುವಂತೆ ಕೈ ಮೇಲೆ ಕೈಯಿಟ್ಟು. "ಅಣ್ಣ ಅಲ್ವಾ, ಎಷ್ಟು ದಿನ ಅಂತ ಸಿಟ್ಟಿಟ್ಕೋತಾರೆ?"

ಹಲ್ಲಪ್ಪ ತಲೆಯಾಡಿಸಿದ. ಆ ಕೈಯನ್ನು ತಾನಾಗಿ ಸರಿಸಲಿಲ್ಲ. ಅಣ್ಣನೇ ಮರೆತು ತೆಗೆದುಕೊಳ್ಳುವವರೆಗೂ ಅಲ್ಲಾಡದೆ ಕೂತಿದ್ದ. ಆಮೇಲೆ ಎದ್ದು, ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವವರೆಗೆ ಅಳು ತಡೆದುಕೊಂಡ.