ಸ್ಟೋರಣ್ಣನ ಕುರ್ಚಿಗೆ ಗೇಟ್ ಪಾಸ್

ಅವರ ಅಂಗಿ ಜೇಬಿನ ಹೊರಮೈಗೆ ಸದಾ ನಾಲ್ಕೈದು ಮೊಳೆ, ಒಂದೆರಡು ಗುಂಡುಪಿನ್ನು ಅಂಟಿಕೊಂಡಿರುತ್ತಿದ್ದವು. ಜೇಬಿನೊಳಗೆ ಅಯಸ್ಕಾಂತ! ಅದನ್ನು ದಾರಕ್ಕೆ ಕಟ್ಟಿ, ಹುಣಸೂರಿನ ಹೊರಗಿದ್ದ ನಮ್ಮ ಗುದ್ದಲಿ-ಕುಡುಗೋಲು ಕಾರ್ಖಾನೆಯ ಅಂಗಳದಲ್ಲೆಲ್ಲ ಎಳೆದಾಡುತ್ತ ಕಬ್ಬಿಣದ ಚೂರು ಹೆಕ್ಕುತ್ತಿದ್ದರು. ಹನಗೋಡಿನವರು, ಸ್ಟೋರ್ ಕೀಪರ್. ನಮಗೆಲ್ಲ ಸ್ಟೋರಣ್ಣ. ತೊಂಬತ್ತರ ದಶಕದ ಕೊನೆಯಲ್ಲಿ ಕಂಪಲಾಪುರದಿಂದ ಬಂದು ವೆಲ್ಡರ್ ಆಗಿ ಸೇರಿದ ನನ್ನ ಮೈಮೇಲೂ ಮೊದಲ ದಿನವೇ ಅಯಸ್ಕಾಂತ ಆಡಿಸಿ, "ನೋಡ್ಲಾ, ನಿನ್ ಅಂಗೀಲೇ ಅರ್ಧ ಕುಡ್ಲು ಅದೆ" ಎಂದು ನಗಿಸಿದ್ದರು.

ಅವರಿಗೆ ಕೂರಲು ಇದ್ದದ್ದು ಒಂದು ಹಳೇ ಬಣ್ಣದ ಡಬ್ಬ. ಆಯುಧಪೂಜೆಗೆ ಅವರಿಗೊಂದು ಕುರ್ಚಿ ಮಾಡಿಕೊಡೋಣ ಎಂದು ನಾವು ಹುಡುಗರೆಲ್ಲ ಮಾತಾಡಿಕೊಂಡೆವು. ಮಾಲೀಕರೂ ಗುಜರಿಯಿಂದ ಕಬ್ಬಿಣ ತಗೊಳ್ಳಿ ಎಂದರು. ನಾನು ವೆಲ್ಡಿಂಗ್ ರಾಡ್ ಹಿಡಿದು ಇನ್ನೇನು ಕಿಡಿ ಹಾರಿಸಬೇಕು, ಸ್ಟೋರಣ್ಣ ಓಡಿಬಂದರು.

"ಬುಡ್ಲಾ! ಈ ಗೇಟೊಳ್ಗೆ ಗುದ್ಲಿ, ಕುಡ್ಲು ಬುಟ್ರೆ ಬ್ಯಾರೆ ಏನೂ ಉಟ್ಬಾರ್ದು ಕಣ್ಲಾ!"

ಬೈದಾದ ಮೇಲೆ ವಿವರಿಸಿದರು. ರೈತರ ಕೈ ಹತಾರಕ್ಕೆ ಎಕ್ಸೈಸ್, ಅಂದರೆ ಕಾರ್ಖಾನೆ ಮಾಲಿನ ಮೇಲೆ ಕೇಂದ್ರ ಹಾಕುವ ಸುಂಕ, ಇಲ್ಲ; ಹಾಗಾಗಿ ಅದನ್ನು ಮಾಡುವಾಗ ಬೀಳುವ ಗುಜರಿ ಚೂರಿಗೂ ಇಲ್ಲ. ಆದರೆ ಅದೇ ಕಾರ್ಖಾನೆಯಲ್ಲಿ ಸುಂಕ ಬೀಳುವ ಇನ್ನೊಂದು ವಸ್ತು ತಯಾರಾದರೆ ಚೂರಿನ ವಿನಾಯಿತಿ ಹೋಯಿತು. ಕುರ್ಚಿಗೆ ಸುಂಕವಿತ್ತು!

ಒಂದು ಕುರ್ಚಿಗೆ ಇಷ್ಟೆಲ್ಲ ರಾಮಾಯಣವೇ ಎಂದು ನನಗೆ ರೇಗಿಹೋಯಿತು. ಅವರು ಜಗ್ಗಲಿಲ್ಲ. ಗೇಟ್ ಪಾಸ್ ಬರೆಸಿ, ಕಬ್ಬಿಣವನ್ನು ಗೋಣಿಚೀಲಕ್ಕೆ ತುಂಬಿಸಿ, ನನ್ನ ತಲೆ ಮೇಲೆ ಹೊರಿಸಿ, ಬಸ್ಸಲ್ಲಿ ಹನಗೋಡಿನ ಕುಲುಮೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಕಂಡಕ್ಟರ್ ಬೈಗುಳ ಬೇರೆ. ಕುರ್ಚಿ ಅಲ್ಲಿ ತಯಾರಾಗಿ, ಮತ್ತೆ ಬಸ್ಸಿನ ಟಾಪ್ ಏರಿ ವಾಪಸು ಬಂತು.

ಮುಂದಿನ ತಿಂಗಳೇ ಮೈಸೂರಿನಿಂದ ಎಕ್ಸೈಸ್ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಇಳಿದರು. ನೇರ ಹೋಗಿ ಕೂತದ್ದು ಅದೇ ಕುರ್ಚಿಯ ಮೇಲೆ! "ಗುದ್ದಲಿಗೆ ವಿನಾಯಿತಿ ಇದೆ, ಒಪ್ಪಿದೆ. ಗುಜರಿಗೆ ಯಾರು ಕೊಟ್ರು?" ಎಂದರು. ಹಿಂದಿನ ವರ್ಷಗಳ ಸುಂಕವನ್ನೂ ಸೇರಿಸಿ ವಸೂಲಿಗೆ ನಿಂತರೆ ಬಾಗಿಲು ಹಾಕುವುದೇ ಗತಿ ಎಂದು, ಅವರು ಬರುವ ಸುದ್ದಿ ತಿಳಿದ ಮಾಲೀಕರು ಬೆಳಿಗ್ಗೆಯೇ ಹೇಳಿದ್ದರು. ನಮ್ಮ ಹದಿನಾಲ್ಕು ಜನರ ಅನ್ನ ಆ ಮಾತಿನಲ್ಲಿತ್ತು.

ಸ್ಟೋರಣ್ಣ ಸರ್ಕಾರದ ಆದೇಶದ ಪ್ರತಿ ತೆಗೆದು, "ಓದ್ಕಳಿ ಸಾ" ಎಂದು ಮುಂದಿಟ್ಟರು. ಇನ್ಸ್‌ಪೆಕ್ಟರ್ ಓದಿದರು, ತಲೆದೂಗಿದರು. ನಮಗೆಲ್ಲ ಹೋದ ಜೀವ ಬಂತು. ಅಷ್ಟರಲ್ಲಿ ಅವರು ಕುರ್ಚಿಯ ಕೈ ಸವರಿ ಕೇಳಿದರು: "ಇಲ್ಲಿ ಬೇರೇನೂ ಮಾಡಲ್ಲ ಅಂತೀರಿ. ಹಾಗಾದ್ರೆ ಇದು? ನಿಮ್ಮ ಗುದ್ದಲಿ ತಗಡೇ ಅಲ್ವೇನ್ರಿ?"

ಅಯ್ಯೋ ದೇವರೇ! ಅಂದು ಒಂದೇ ಒಂದು ಕಿಡಿ ಹಾರಿಸಿದ್ದರೂ ಅಷ್ಟೇ ಕತೆ. ಸ್ಟೋರಣ್ಣ ಅವಸರಪಡಲಿಲ್ಲ. ಗೇಟ್ ಪಾಸ್ ಪುಸ್ತಕ ಬಿಡಿಸಿದರು: ಕಬ್ಬಿಣ ಹೊರಹೋದ ದಿನ, ಕುರ್ಚಿ ಒಳಬಂದ ದಿನ, ಕುಲುಮೆಯವರ ಹೆಬ್ಬೆಟ್ಟು. "ಅನಗೋಡಲ್ಲಿ ಉಟ್ಟಿದ್ದು ಸಾ. ಇಲ್ಲಿ ಕುಂತದೆ, ಅಷ್ಟೇಯ."

ಇನ್ಸ್‌ಪೆಕ್ಟರ್ ಗೊಳ್ಳೆಂದು ನಕ್ಕು, ಟೀ ಕುಡಿದು ಜೀಪು ಹತ್ತಿದರು. ನಾವು ಸ್ಟೋರಣ್ಣನನ್ನು ಕುರ್ಚಿ ಸಮೇತ ಎತ್ತಿ ಅಂಗಳ ಸುತ್ತಿಸಿದೆವು. "ಇಳ್ಸ್ರಲಾ, ಬಿದ್ದೋಯ್ತೀನಿ!" ಎಂದು ಕಿರುಚುತ್ತಲೇ ನಗುತ್ತಿದ್ದರು.

ಅವರು ನಿವೃತ್ತರಾದಾಗ ಕುರ್ಚಿಯನ್ನು ಅವರಿಗೇ ಕೊಟ್ಟೆವು. ಗೇಟ್ ಪಾಸ್ ಇಲ್ಲದೆ ಮುಟ್ಟುವುದಿಲ್ಲ ಎಂದರು! ಅದನ್ನು ನಾನೇ ಬರೆದುಕೊಟ್ಟೆ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ತಿಳಿದು ಹನಗೋಡಿಗೆ ಓಡಿದೆ. ಜಗಲಿಯ ಮೇಲೆ ಕುರ್ಚಿ ಖಾಲಿ ಇತ್ತು. ಅವರ ಹೆಂಡತಿ ನನ್ನನ್ನು ಗುರುತಿಸಿ ಕುರ್ಚಿಯ ಅಡಿಗೆ ಕೈ ತೋರಿದರು. ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂತಿಯಿಂದ ಬಿಗಿದ ಒಂದು ಚೀಟಿ. ನನ್ನದೇ ಅಕ್ಷರ.

"ಯಾರಾರ ಬಂದು ಕೇಳುದ್ರೆ ತೋರ್ಸು ಅಂತಿದ್ರು ಕಣಪ್ಪ," ಎಂದರು ಆ ತಾಯಿ.

ನಾನು ಅಲ್ಲೇ ಕೂತು ಅತ್ತೆ.