ಹೊಳೆಗೆ ಕೊಟ್ಟ ಬಲೆ

ಹೊಸಪೇಟೆಯ ಬಸ್ಸಿನಿಂದ ಕಂಪ್ಲಿಯಲ್ಲಿಳಿದು, ದೊಡ್ಡವ್ವನ ಜೊತೆ ಹೊಳೆಯ ದಂಡೆಗೆ ಹೋದರೆ ಅಲ್ಲಿ ಒಂದು ನೀರುನಾಯಿ ಸತ್ತು ಬಿದ್ದಿತ್ತು. ಕಾರವಾರದ ಕಡಲತೀರಕ್ಕೆ ಬಂದು ಬೀಳುವ ಡಾಲ್ಫಿನ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ರಜೆಯಲ್ಲಿ ಬಂದಿದ್ದರೂ ಅಭ್ಯಾಸಬಲದಿಂದ ಮಂಡಿಯೂರಿ ಕೂತೆ. ಅದರ ಕುತ್ತಿಗೆಗೆ ನೈಲಾನ್ ಬಲೆಯ ತುಂಡು ಬಿಗಿದಿತ್ತು. ಕಡಲಲ್ಲೂ ಹೀಗೆಯೇ, ನೀರೊಳಗೆ ನಾವು ಏನೇನು ಬಿಟ್ಟಿದ್ದೇವೆಂಬುದನ್ನು ದಡಕ್ಕೆ ಬಂದು ಬಿದ್ದ ಪ್ರಾಣಿಯೇ ತೋರಿಸುತ್ತದೆ.

ದೊಡ್ಡವ್ವ ಜೀವಮಾನವೆಲ್ಲ ಹರಗೋಲಿನಲ್ಲಿ ಮೀನು ಹಿಡಿದವಳು. ಬಲೆ ಹರಿದಲ್ಲಿ ಹಾಕಿದ್ದ ಕೆಂಪು ದಾರದ ಗಂಟು ನೋಡಿ ಮೆಲ್ಲಗೆ ಹೇಳಿದಳು: "ಇದು ನಮ್ದ ಬಲಿ. ಹ್ವಾದ ವರ್ಷ ಹೊಳಿಗೆ ಕೊಟ್ಟಿದ್ವಿ."

ಅನ್ನ ಕೊಟ್ಟ ಬಲೆ ಸವೆದರೆ ತಿಪ್ಪೆಗೆ ಹಾಕಬಾರದು, ಹೊಳೆಗೇ ಕೊಡಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅಜ್ಜ ಹತ್ತಿನೂಲಿನ ಬಲೆಗೆ ಅರಿಶಿನ ಹಚ್ಚಿ ನೀರಿಗೆ ಬಿಡುವಾಗ ನಾನು ಅವನ ಪಂಚೆ ಹಿಡಿದು ನಿಲ್ಲುತ್ತಿದ್ದೆ. ಆಚೆ ಬಂಡೆಯ ಮೇಲೆ ನೀರುನಾಯಿಗಳು ಮೈ ಒಣಗಿಸಿಕೊಳ್ಳುತ್ತ ನಮ್ಮನ್ನೇ ನೋಡುತ್ತಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಲೆ ಕೊಳೆತು ಹೊಳೆಯೇ ಆಗಿಬಿಡುತ್ತಿತ್ತು.

"ನೈಲಾನ್ ಕೊಳೆಯಂಗಿಲ್ಲ, ದೊಡ್ಡವ್ವ," ಎಂದೆ.

"ನಿಮ್ಮಜ್ಜನ ಬಲಿ ಕೊಳಿತಿತ್ತಲ್ಲ," ಎಂದಳು, ನನ್ನತ್ತ ನೋಡದೆ.

ಸೊಂಟದಲ್ಲಿದ್ದ ಕುಡುಗೋಲಿನಿಂದ ಬಲೆ ಕೊಯ್ದು, ನೀರುನಾಯಿಯ ಕುತ್ತಿಗೆಯಿಂದ ಬಿಡಿಸಿದಳು. ಬಲೆ ಹಿಡಿದ ಅವಳ ಕೈ ತಾನಾಗಿಯೇ ನೀರಿನ ಕಡೆ ಚಾಚಿತು, ನಡುವೆಯೇ ನಿಂತಿತು.

"ಮತ್ತ ಯಾರಿಗೆ ಕೊಡ್ಲಿ ಇದನ್ನ?"